ಬೇಸಿನ್ನಿಗೆ ಸೊಪ್ಪು ಹಾಕಿದವನು

ಕಂಪ್ಯೂಟರ್ ಅಂಗಡಿಯವನಿಗೆ ನಾನು ಬೇಕೆಂದೇ ಸುಳ್ಳು ಹೇಳಿದೆ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ತೊಂಬತ್ತರ ದಶಕದ ಕೊನೆ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆ. ಮಗಳು ಅವನ ಅಂಗಡಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅಲ್ಲಿ ಗುಂಡು ಹೊಡೆಯುವ ಆಟವೊಂದಿತ್ತು. ಅದರೊಳಗೆ ಆಡುವವರು ಓಡಾಡುವ ಜಾಗವಾಗಿ ನಮ್ಮ ನೂಲಿನ ಶೆಡ್ಡನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ಸೇರಿಸಿದಳು. ಆರು ತಿಂಗಳ ಕೆಲಸ. ಊರಿನ ಹುಡುಗರೆಲ್ಲ ಅದನ್ನು ಆಡಲು ಸಾಲು ನಿಂತರು. ಅಂಗಡಿಯವನು ಅವಳ ಹೆಸರು ಅಳಿಸಿ ತನ್ನ ಹೆಸರು ಹಾಕಿಕೊಂಡ.

ಕೇಳಿದ್ದಕ್ಕೆ, "ಹೆಣ್ಣುಮಗು ಇದನ್ನೆಲ್ಲ ಮಾಡ್ತು ಅಂದ್ರೆ ಯಾರಮ್ಮ ನಂಬ್ತಾರೆ?" ಎಂದ.

ಮಗಳು ಕೆಲಸ ಬಿಟ್ಟಳು. ಅತ್ತದ್ದು ಅವಳು, ಹಲ್ಲು ಕಡಿದದ್ದು ನಾನು.

ವರ್ಷದೊಳಗೆ ಹೊಸ ಆಟ ಬಂತು. ಹಳೆಯದಕ್ಕೆ ಕಟ್ಟಿದ್ದು ಅದರಲ್ಲಿ ಓಡುವುದಿಲ್ಲ, ಮತ್ತೆ ಕಟ್ಟಬೇಕು. ಹಳೆಯದರಲ್ಲಿ ನೂಲು ಸುತ್ತುವ ಚರಕ, ಬಿಸಿನೀರಿನ ಬೇಸಿನ್ ಎಲ್ಲ ಗೋಡೆಯ ಮೇಲಿನ ಚಪ್ಪಟೆ ಚಿತ್ರ. ಹೊಸದರಲ್ಲಿ ಬಗ್ಗಿ ನೋಡಿದರೆ ಬೇಸಿನ್ನಿನ ಒಳಗೂ ಕಾಣಬೇಕಂತೆ. ಅವನು ಬೆಂಗಳೂರಿನವನು, ಶೆಡ್ಡಿಗೆ ಕಾಲಿಟ್ಟವನಲ್ಲ. ಮಗಳನ್ನು ಕೇಳಲು ಮುಖವಿಲ್ಲದೆ ಗೂಡಿನ ಮಾರುಕಟ್ಟೆ ಬಾಗಿಲಲ್ಲಿ ನನ್ನನ್ನು ಹಿಡಿದ.

"ಅಮ್ಮ, ಬಿಸಿನೀರಿನ ಬೇಸಿನ್‌ಗೆ ಏನು ಹಾಕ್ತೀರಿ?"

"ಹುಳ ಕಣಪ್ಪ. ಜೀವ ಇರೋ ಹುಳ. ಮೇಲೊಂದು ಹಿಡಿ ಹಿಪ್ಪುನೇರಳೆ ಸೊಪ್ಪು."

"ಸೊಪ್ಪು ಯಾಕೆ?"

"ಹಸಿದ ಹುಳ ನೂಲು ಕೊಡ್ತದಾ?"

ಬರೆದುಕೊಂಡು ಹೋದ.

ಬೇಸಿನ್ನಿಗೆ ಬೀಳುವುದು ಗೂಡು. ಸೊಪ್ಪು ತಿನ್ನುವ ಹುಳ ಇರುವುದು ಸಾಕುವವರ ಮನೆಯಲ್ಲಿ. ನಮ್ಮೂರಲ್ಲಿ ಇದು ಅಂಬೆಗಾಲಿಡುವ ಮಗುವಿಗೂ ಗೊತ್ತು. ಹೊಸ ಆಟ ಹಾಕಿದ ದಿನ ಅಂಗಡಿ ತುಂಬ ನೂಲಿನವರ ಮಕ್ಕಳು.

"ಅಣ್ಣಾ, ಇದು ನೂಲಿಗಾ, ಸೊಪ್ಪಿನ ಸಾರಿಗಾ?" ಎಂದನಂತೆ ಒಬ್ಬ.

"ಹಳೇದೂ ನೀನೇ ಕಟ್ಟಿದ್ದು ಅಂದ್ಯಲ್ಲಣ್ಣ?" ಎಂದನಂತೆ ಇನ್ನೊಬ್ಬ.

ವಾರಕ್ಕೆ ಅಂಗಡಿ ಬಣಗುಟ್ಟಿತು. ಅವನು ಮಗಳನ್ನು ಕೇಳಿಕೊಳ್ಳಲು ನಮ್ಮ ಬಾಗಿಲಿಗೆ ಬಂದ. ಮಗಳು ನನ್ನನ್ನೇ ಗದರಿದಳು: "ಸುಳ್ಳು ಹೇಳಬಾರದಿತ್ತಮ್ಮ." ಆದರೂ ಹೋಗಿ ಎಲ್ಲವನ್ನೂ ಹೊಸ ಆಟಕ್ಕೆ ಸರಿಯಾಗಿ ಕೂರಿಸಿದಳು. ಮುಗಿದ ದಿನ ನಾನೂ ಹೋಗಿ ಹುಡುಗರ ಮಧ್ಯೆ ಸ್ಟೂಲಿನ ಮೇಲೆ ಕುಳಿತೆ. ಪರದೆಯ ಮೇಲೆ ಮೊದಲು ಹೆಸರು ಬಂತು. ನನಗೆ ಇಂಗ್ಲಿಷ್ ಅಕ್ಷರ ಬರದು.

"ಯಾರ ಹೆಸರು, ಓದಪ್ಪ" ಎಂದೆ ಅಂಗಡಿಯವನಿಗೆ.

ಮಗಳ ಹೆಸರು ಓದಿದ.

"ಕೇಳಿಸ್ಲಿಲ್ಲ" ಎಂದೆ.

ಇನ್ನೊಮ್ಮೆ ಓದಿದ. ಹುಡುಗರು ತಿರುಗಿ ನೋಡಿದರು.

"ಇನ್ನೂ ಗಟ್ಟಿಯಾಗಿ" ಎಂದೆ. ನನ್ನ ಕಿವಿ ಚೆನ್ನಾಗಿಯೇ ಇತ್ತು.