ತಲೆಗಿಂತ ನಾಲ್ಕು ಬೆರಳು ಮೇಲೆ

ಬಿ.ಸಿ. ರೋಡ್ ಪೇಟೆಯಲ್ಲಿ ನೀಲಾವತಿಯ ಕುಶನ್ ಅಂಗಡಿಯೂ ಅವಳ ಗಂಡ ಗುರುವಪ್ಪನ ವೆಲ್ಡಿಂಗ್ ಶೆಡ್ಡೂ ಒಂದೇ ತಗಡಿನ ಮಾಡಿನ ಕೆಳಗೆ ಇವೆ. ನಡುವೆ ಗೋಡೆಯಿಲ್ಲ. ಕಿಡಿ ಹಾರಿ ಫೋಮಿನ ಮೇಲೆ ಬೀಳದಿರಲೆಂದು ಲಾರಿಯ ಹಳೆಯ ಟರ್ಪಾಲು ಇಳಿಬಿಟ್ಟಿದ್ದಾರೆ. ಆಚೆ ಅವನು ಕಬ್ಬಿಣ ಬೆಸೆಯುತ್ತಾನೆ, ಈಚೆ ಅವಳು ರೆಕ್ಸಿನ್ ಹೊಲಿಯುತ್ತಾಳೆ. ಮನೆ ಶೆಡ್ಡಿನ ಹಿಂದೆಯೇ.

ನೀಲಾವತಿಗೆ ಈ ಕೆಲಸ ಯಾರೂ ಹೇಳಿಕೊಟ್ಟದ್ದಲ್ಲ. ಹರಿದು ಬಂದ ರಿಕ್ಷಾ ಸೀಟುಗಳನ್ನು ಬಿಚ್ಚಿ, ಯಾವ ತುಂಡು ಯಾವುದರ ಅಡಿಗೆ ಹೋಗಿದೆ ಎಂದು ನೋಡಿ ನೋಡಿಯೇ ಕಲಿತಳು. ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಜೀಪುಗಳ ಸೀಟು ಅವಳ ಕೈಯದು. ಅವಳಿಗೆ ಒಂದೇ ಹಗೆ, ನೀರು. ಈ ಊರಿನ ಮಳೆಗಾಲದಲ್ಲಿ ಫೋಮು ಒಮ್ಮೆ ನೀರು ಕುಡಿದರೆ ನವರಾತ್ರಿಯವರೆಗೂ ಒಣಗುವುದಿಲ್ಲ. ಅಷ್ಟರಲ್ಲಿ ಸೀಟಿನಿಂದ ಹಳಸಿದ ಗಂಜಿಯ ವಾಸನೆ ಹೊಡೆಯುತ್ತದೆ. ಹಾಗಾಗಿ ಅವಳು ಹೊಲಿಗೆಯ ತೂತುಗಳಿಗೆಲ್ಲ ಒಳಗಿನಿಂದ ಅಂಟು ಹಚ್ಚುತ್ತಿದ್ದಳು. ‘ನೀಲಾವತಿಯ ಸೀಟಿಗೆ ನೀರು ಇಳಿಯುವುದಿಲ್ಲ’ ಎಂದು ರಿಕ್ಷಾ ಪಾರ್ಕಿನವರು ಹೇಳಿದರೆ ಕೇಳದವಳಂತೆ ಕೂತಿರುತ್ತಿದ್ದಳು. ಮುಖ ಮಾತ್ರ ಅರಳುತ್ತಿತ್ತು.

ಅವಳಿಗೆ ಮಕ್ಕಳಿಲ್ಲ. ಇದ್ದವನು ತಮ್ಮ ರಂಜಿತ್. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಫೋಮಿನ ರಾಶಿಯ ಮೇಲೆಯೇ ನಿದ್ದೆ ಹೋಗುತ್ತಿದ್ದ. ದೊಡ್ಡವನಾಗಿ ಮಸ್ಕತ್ತಿನಲ್ಲಿ ಡ್ರೈವರ್ ಆದ. ಬೇರೆಯವರ ಬೆಲೆಬಾಳುವ ಕಾರುಗಳನ್ನು ಓಡಿಸಿ ಓಡಿಸಿ ಊರಿಗೆ ಮರಳಿದವನು, ಗೋವಾ ಕಡೆಯಿಂದ ತನಗೊಂದು ಹಳೆಯ ಕಾರು ತಂದ. ಎರಡೇ ಸೀಟು, ನೆಲಕ್ಕೆ ಹತ್ತಿದಂಥ ಮೈ, ಕೆಂಪು ಬಣ್ಣ. ಮಾಡು ಇಲ್ಲ. ಮಳೆ ಬಂದರೆ ಹಿಂದಿನಿಂದ ಎಳೆದು ಮುಂದಿನ ಗಾಜಿನ ಅಂಚಿಗೆ ಸಿಕ್ಕಿಸುವ ಬಟ್ಟೆಯ ಟಾಪ್ ಅಷ್ಟೇ.

ನೀಲಾವತಿ ಕಾರಿನ ಸುತ್ತ ಒಂದು ಸುತ್ತು ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಇದಕ್ಕೆ ಮೇಲೆ ಎಂತ ಉಂಟು?”

“ಆಕಾಶ ಉಂಟು ಅಕ್ಕ.”

“ತಮಾಷೆ ಬೇಡ. ಮಗುಚಿದರೆ?”

“ಬೈಕಿಗೆ ಮೇಲೆ ಎಂತ ಉಂಟು? ಕೊಡೆಯಾ?”

“ಬೈಕು ಮಗುಚಿದರೆ ಅದೊಂದು ಕಡೆ, ನೀನೊಂದು ಕಡೆ. ಇದು ಮಗುಚಿದರೆ ನೀನೇ ಅಡಿಯಲ್ಲಿ. ತಲೆಯ ಮೇಲೆ ಒಂದು ಕಬ್ಬಿಣದ ಕಂಬಿ ನಿಲ್ಲದೆ ಈ ಗಾಡಿ ರಸ್ತೆಗೆ ಇಳಿಯುವುದಿಲ್ಲ, ಗೊತ್ತಾಯಿತಾ?”

ಅವಳು ಚಾವಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ರಂಜಿತ್ ನಗುತ್ತಾ ಭಾವನ ಮುಖ ನೋಡಿದ. ಗುರುವಪ್ಪನೂ ನಗುತ್ತಾ, “ನನ್ನನ್ನು ನೋಡಬೇಡ ಮಾರಾಯ, ನನ್ನ ಚಾವಿಯೂ ಅಲ್ಲೇ ಇರುವುದು” ಎಂದ.

ಗುರುವಪ್ಪನಿಗೆ ಆ ಕೆಲಸ ಹೊಸದಲ್ಲ. ಮಂಗಳೂರಿನ ಕಡೆ ಕೆಸರಿನಲ್ಲಿ ಓಡುವ ರೇಸಿನ ಜೀಪುಗಳಿಗೆ ಹಿಂದೆ ರೋಲ್ ಬಾರ್ ಕೂರಿಸಿದ್ದ. ರೋಲ್ ಬಾರ್ ಎಂದರೆ ಸೀಟಿನ ಹಿಂಭಾಗದಲ್ಲಿ ಕಮಾನಿನಂತೆ ನಿಲ್ಲುವ ದಪ್ಪ ಕಂಬಿ. ಗಾಡಿ ತಲೆಕೆಳಗಾದರೆ ಭಾರವನ್ನು ಅದು ಹೊರಬೇಕು, ಮನುಷ್ಯನ ಕುತ್ತಿಗೆ ಅಲ್ಲ. ಮಂಗಳೂರಿನಿಂದ ಒಳ್ಳೆಯ ಪೈಪು ಬಗ್ಗಿಸಿ ತಂದು, ಕಾರಿನ ನೆಲದ ಚಾಪೆ ಕಿತ್ತು, ಅಡಿಯಲ್ಲೂ ಮೇಲೂ ಉಕ್ಕಿನ ತಗಡು ಇಟ್ಟು ಬೋಲ್ಟು ಬಿಗಿದ. ಹಿಂದಕ್ಕೆ ಎರಡು ಊರುಗೋಲು ಕೊಟ್ಟ. ಆಮೇಲೆ ಮನೆಯಿಂದ ಜೇಡರ ಬಲೆ ತೆಗೆಯುವ ಕೋಲು ತರಿಸಿ, ರಂಜಿತನನ್ನು ಸೀಟಿನಲ್ಲಿ ಕೂರಿಸಿದ. ಕೋಲಿನ ಒಂದು ತುದಿಯನ್ನು ಕಂಬಿಯ ನೆತ್ತಿಯ ಮೇಲೂ ಇನ್ನೊಂದನ್ನು ಮುಂದಿನ ಗಾಜಿನ ಚೌಕಟ್ಟಿನ ಮೇಲೂ ಇಟ್ಟ.

“ನೋಡು, ಗಾಡಿ ಮಗುಚಿದರೆ ನೆಲ ಅಂದರೆ ಈ ಕೋಲೇ. ನಿನ್ನ ತಲೆ ಇದರ ಅಡಿಯಲ್ಲಿ ಇರಬೇಕು.”

ಕೋಲಿಗೂ ತಲೆಗೂ ನಡುವೆ ಗುರುವಪ್ಪನ ನಾಲ್ಕು ಬೆರಳು ಸಲೀಸಾಗಿ ಹೋದವು. ನೀಲಾವತಿ ತಾನೂ ಕೈ ತೂರಿಸಿ ನೋಡಿದಳು. ರಂಜಿತ್ ಉದ್ದ ಆಳು. ತಮ್ಮ ಇಷ್ಟು ಬೆಳೆದನಲ್ಲ ಎಂದು ಅವಳಿಗೆ ಆ ಹೊತ್ತಿಗೆ ಹೆಮ್ಮೆಯೇ ಆಯಿತು.

ತೊಂದರೆ ಕಂಡದ್ದು ಟಾಪ್ ಎಳೆದಾಗ. ಬಟ್ಟೆಯ ಅಡಿಯ ಸರಳುಗಳು ಕಂಬಿಯ ನೆತ್ತಿಗೆ ಬಡಿದು ನಿಂತವು. ಮುಂದಿನ ಗಾಜಿನ ಹತ್ತಿರ ಬಾಯಿ ತೆರೆದಂತೆ ಸಂದು ಉಳಿಯಿತು. ಹೊರಗೆ ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು. ಗಾಡಿಯನ್ನು ಶುಕ್ರವಾರ ಪೊಳಲಿಯ ದೇವಿಯ ಗುಡಿಗೆ ಪೂಜೆಗೆ ಒಯ್ಯುವುದೆಂದು ಅವಳೇ ಹರಸಿಕೊಂಡಿದ್ದಳು. ಬಟ್ಟೆ ಬಿಚ್ಚಿ ಉದ್ದ ಮಾಡುವ ಎಂದು ನೋಡಿದಳು. ಬಟ್ಟೆ ಉದ್ದವಾಗುತ್ತದೆ, ಸರಳು ಆಗುವುದಿಲ್ಲ. ಆ ಸಂದಿನಿಂದ ಒಳಗೆ ನೀರು ಸುರಿಯುವುದೂ, ತಾನು ಹೊಸದಾಗಿ ಹೊಲಿದ ಕಪ್ಪು ಸೀಟುಗಳು ಊದಿಕೊಳ್ಳುವುದೂ ಅವಳ ಕಣ್ಣಿಗೆ ಕಟ್ಟಿತು.

ರಂಜಿತ್ ಇಲ್ಲದ ಹೊತ್ತಿಗೆ ಅವಳು ಟರ್ಪಾಲು ಸರಿಸಿ ಗಂಡನ ಹತ್ತಿರ ಬಂದಳು.

“ಕಂಬಿಯ ಕಾಲು ಸ್ವಲ್ಪ ಕೊಯ್ದುಬಿಡಿ. ನಾಲ್ಕು ಬೆರಳು.”

“ಆಗುವುದಿಲ್ಲ ನೀಲಾ. ಕೋಲು ಅವನ ತಲೆಗೆ ತಾಗುತ್ತದೆ.”

“ಅವನು ಕೆಳಗೆ ಕೂತರೆ?”

“ಕಾಲು ಕೊಯ್ಯುವುದಾ ಅವನದ್ದು?”

“ಅಯ್ಯೋ, ಇವರೊಂದು. ಸೀಟಿನ ಫೋಮಿನಲ್ಲಿ ನಾಲ್ಕು ಬೆರಳು ನಾನು ತೆಗೀತೇನೆ. ಮೇಲಿನದ್ದೂ ಅಷ್ಟೇ, ಕೆಳಗಿನದ್ದೂ ಅಷ್ಟೇ. ಲೆಕ್ಕ ಸರಿಯಾಯಿತಲ್ಲ?”

ಗುರುವಪ್ಪ ಸ್ವಲ್ಪ ಹೊತ್ತು ಕಂಬಿಯನ್ನೇ ನೋಡಿದ. “ಮಳೆ ನಿಂತ ಮೇಲೆ ಟಾಪ್ ಯಾರಿಗೆ ಬೇಕು?” ಎಂದ. “ಇಲ್ಲಿ ಮಳೆ ನಿಲ್ಲುವುದು ಯಾವಾಗ?” ಎಂದಳು ಅವಳು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಅವನು ಕಟ್ಟಿಂಗ್ ಮೆಷಿನ್ ಕೈಗೆತ್ತಿಕೊಂಡ.

ಅವಳು ಸೀಟು ಬಿಚ್ಚಿ, ಹಲಗೆಯಂಥ ಒಂದು ಪದರ ಫೋಮು ಕೊಯ್ದು ತೆಗೆದು, ಮೊದಲಿನಂತೆಯೇ ಹೊಲಿದಿಟ್ಟಳು. “ಅವನಿಗೆ ಹೇಳುವುದು ಬೇಡ. ಅಕ್ಕ ನನ್ನ ಸೀಟಿಗೇ ಫೋಮು ಕಡಿಮೆ ಹಾಕಿದಳು ಅಂತ ಊರಿಡೀ ಹಾಡ್ತಾನೆ” ಎಂದಳು. ರಂಜಿತ್ ಬಂದಾಗ ಟಾಪ್ ಮುಚ್ಚುತ್ತಿತ್ತು. ಭಾವ ಏನೋ ಸರಿಮಾಡಿದ ಎಂದಷ್ಟೇ ಅವನಿಗೆ ಗೊತ್ತಾಯಿತು. ಗುರುವಪ್ಪ ಮತ್ತೊಮ್ಮೆ ಕೋಲು ಇಟ್ಟು ಬೆರಳು ತೂರಿಸಿದ. ನಾಲ್ಕೂ ಹೋದವು.

ಶುಕ್ರವಾರ ಪೊಳಲಿಯಲ್ಲಿ ಭಟ್ಟರು ಕಂಬಿಗೂ ಕುಂಕುಮ ಹಚ್ಚಿದರು. ಚಕ್ರದಡಿಯಲ್ಲಿ ನಿಂಬೆಹಣ್ಣು ಒಡೆಯುವಾಗ ಜೋರು ಮಳೆ. ಮಳೆ ಬಿಟ್ಟ ಮೇಲೆ ನೀಲಾವತಿ ಬಾಗಿಲು ತೆರೆದು ಸೀಟು ಮುಟ್ಟಿ ನೋಡಿದಳು. ಒಣಗಿತ್ತು. ಅಲ್ಲಿಂದಲೇ ದೇವಿಯ ಕಡೆಗೆ ಕೈಮುಗಿದಳು.

ರಂಜಿತನಿಗೆ ಮದುವೆ ಗೊತ್ತಾಗಿದ್ದದ್ದು ಅಳದಂಗಡಿಯ ಪ್ರಾಪ್ತಿಯ ಜೊತೆ. ಬೆಳ್ತಂಗಡಿಯ ಒಂದು ಸೊಸೈಟಿಯಲ್ಲಿ ಕೆಲಸ. ಮಾತು ಕಡಿಮೆ, ನಗು ಹೆಚ್ಚು. ರಜೆಯ ದಿನ ಬಂದು ನೀಲಾವತಿಯ ಮಿಷನ್ನಿನ ಪಕ್ಕ ಕೂರುತ್ತಿದ್ದಳು. ಒಂದು ದಿನ ಮೂಲೆಯಲ್ಲಿ ಬಿದ್ದಿದ್ದ ಫೋಮಿನ ಪದರ ಎತ್ತಿ, “ಅಕ್ಕ, ಇದು ನಿಮಗೆ ಬೇಕಾ? ನಾನೊಂದು ದಿಂಬು ಹೊಲೀತೇನೆ” ಎಂದಳು. ನೀಲಾವತಿಗೆ ಸಂತೋಷವಾಯಿತು. ತಾನೇ ಬಟ್ಟೆ ಆರಿಸಿ ಕೊಟ್ಟಳು, ಅಂಚಿಗೆ ಪೈಪಿಂಗ್ ಹೊಲಿಯುವುದು ಹೇಗೆಂದು ತೋರಿಸಿದಳು. ಹಳದಿ ಬಟ್ಟೆಯ ಮೇಲೆ ಪ್ರಾಪ್ತಿ ನೀಲಿ ನೂಲಿನಲ್ಲಿ ಎರಡು ಹಕ್ಕಿ ಬರೆದಳು. ಮದುವೆಯ ಮನೆಗೆ ತಯಾರಿ ಎಂದುಕೊಂಡಳು ನೀಲಾವತಿ. ಯಾರಿಗೆ, ಎಲ್ಲಿಗೆ ಎಂದು ಕೇಳಲಿಲ್ಲ.

ರಂಜಿತ್ ಪ್ರಾಪ್ತಿಯ ಹತ್ತಿರ ಹೇಳಿದ್ದನಂತೆ, “ಸೀಟಿನಲ್ಲಿ ಕೂತರೆ ಹೊಂಡದಲ್ಲಿ ಕೂತ ಹಾಗೆ ಆಗ್ತದೆ, ಬಾನೆಟ್ಟಿನ ತುದಿ ಕಾಣುವುದಿಲ್ಲ” ಎಂದು.

ಅದು ದೀಪಾವಳಿ ಕಳೆದ ಮೇಲೆ. ಬಿಸಿಲು ಬಿದ್ದು ರಸ್ತೆಯೆಲ್ಲ ಒಣಗಿತ್ತು. ರಂಜಿತ್ ಟಾಪ್ ಮಡಚಿ ಹಿಂದಕ್ಕೆ ಹಾಕಿ, ಮದುವೆಯ ಕಾಗದ ಕೊಡಲು ಕಕ್ಕಿಂಜೆಯ ಗೆಳೆಯನ ಮನೆಗೆ ಹೋಗಿದ್ದ. ಮರಳುವಾಗ ತಿರುವಿನಲ್ಲಿ ಅಡ್ಡ ಬಂದ ದನವನ್ನು ತಪ್ಪಿಸಲು ಹೋಗಿ ಚಕ್ರ ಚರಂಡಿಗೆ ಇಳಿಯಿತು. ಕಾರು ಮಗುಚಿತು.

ಗುರುವಪ್ಪ ಅಲ್ಲಿಗೆ ಹೋದಾಗ ರಂಜಿತನನ್ನು ಆಂಬ್ಯುಲೆನ್ಸಿನಲ್ಲಿ ಒಯ್ದಾಗಿತ್ತು. ಕಾರು ತಲೆಕೆಳಗಾಗಿಯೇ ಇತ್ತು. ಅವನು ಮೊದಲು ಕಂಬಿ ನೋಡಿದ. ಬಗ್ಗಿರಲಿಲ್ಲ. ಒಂದು ಬೆಸುಗೆ ಸಹ ಬಿಟ್ಟಿರಲಿಲ್ಲ. ಆಮೇಲೆ, ಸೇರಿದ್ದ ಜನರಲ್ಲಿ ಒಬ್ಬರು ರಂಜಿತನ ಚಪ್ಪಲಿ ಮತ್ತು ಒಂದು ಹಳದಿ ದಿಂಬು ತಂದು ಅವನ ಕೈಗೆ ಕೊಟ್ಟರು. “ಇದರ ಮೇಲೆ ಕೂತಿದ್ದ” ಎಂದರು. ಗುರುವಪ್ಪ ದಿಂಬಿನ ದಪ್ಪಕ್ಕೆ ಬೆರಳು ಇಟ್ಟು ನೋಡಿದ. ಸರಿಯಾಗಿ ನಾಲ್ಕು. ಮತ್ತೆ ಅಲ್ಲೇ ಚರಂಡಿಯ ಕಟ್ಟೆಯಲ್ಲಿ ಕೂತುಬಿಟ್ಟ.

ಕುತ್ತಿಗೆಯ ಎಲುಬು ಮುರಿದಿತ್ತು. ಮಂಗಳೂರಿನ ಡಾಕ್ಟರು ಮೆಲ್ಲ ಮೆಲ್ಲನೆ ಹೇಳಿದರು. ಮಾತು ಉಳಿಯುತ್ತದೆ, ಬುದ್ಧಿ ಉಳಿಯುತ್ತದೆ, ಕುತ್ತಿಗೆಯಿಂದ ಕೆಳಗೆ ಏನೂ ಬರುವುದಿಲ್ಲ. ನೀಲಾವತಿ, “ಇನ್ನೊಮ್ಮೆ ಹೇಳಿ” ಎಂದಳು. ಅವರು ಇನ್ನೊಮ್ಮೆ ಹೇಳಿದರು.

ಈಗ ಅವನು ಶೆಡ್ಡಿನ ಹಿಂದಿನ ಮನೆಯಲ್ಲಿ ಇದ್ದಾನೆ. ಬೆನ್ನಿನಲ್ಲಿ ಹುಣ್ಣಾಗದಂತೆ ನೀಲಾವತಿಯೇ ಹಾಸಿಗೆ ಮಾಡಿದ್ದಾಳೆ. ಎಲುಬು ಒತ್ತುವ ಕಡೆ ಫೋಮು ಕೊಯ್ದು ಹೊಂಡ ಮಾಡಿ, ಮೆತ್ತಗಿನದ್ದು ತುಂಬಿ, ನೀರು ಇಳಿಯದ ಬಟ್ಟೆ ಹೊದಿಸಿದ್ದಾಳೆ. ಅವಳಿಗೆ ಗೊತ್ತಿದ್ದ ವಿದ್ಯೆಯೆಲ್ಲ ಅದಕ್ಕೆ ಬಂತು. ಮುಸ್ಸಂಜೆಗೆ ಮೊದಲಿನಂತೆಯೇ ದೇವರಿಗೆ ದೀಪ ಹಚ್ಚುತ್ತಾಳೆ. ಮೊದಲು ಬೇಡಿಕೊಳ್ಳುತ್ತಿದ್ದಳು. ಈಗ ಬತ್ತಿ ಸರಿಮಾಡಿ ಎದ್ದು ಬರುತ್ತಾಳೆ.

ಊರಿನಲ್ಲಿ ಮಾತ್ರ ಬೇರೆಯೇ ಸುದ್ದಿ ಹಬ್ಬಿತು. ಮೂಡುಬಿದಿರೆಯಿಂದ ಅನಂತರಾಜ ಎಂಬ ಹಿರಿಯರು ತಮ್ಮ ತೆರೆದ ಜೀಪು ತಂದು ನಿಲ್ಲಿಸಿದರು. ತೋಟ, ಬಸದಿಯ ಉಸ್ತುವಾರಿ ಎಲ್ಲ ಇದ್ದವರು, ಒಳ್ಳೆಯ ಮನುಷ್ಯ.

“ಗುರುವಪ್ಪ, ಆ ಹುಡುಗನ ಜೀವ ಉಳಿಸಿದ ಕಂಬಿ ಉಂಟಲ್ಲ, ಅಂಥದ್ದೇ ನನಗೊಂದು ಬೇಕು. ಅದು ಇಲ್ಲದಿದ್ದರೆ ಹೆಣವೇ ಅಂತೆ. ನೀನು ಕಟ್ಟಿಕೊಂಡದ್ದು ದೊಡ್ಡ ಪುಣ್ಯ.”

ಗುರುವಪ್ಪ ಹೆಂಡತಿಯ ಕಡೆ ನೋಡಲಿಲ್ಲ. “ಆ ಕೆಲಸ ಬಿಟ್ಟಿದ್ದೇನೆ, ಧನಿಗಳೇ. ಗೇಟು, ಕಿಟಕಿ ಮಾತ್ರ ಮಾಡುವುದು” ಎಂದ. ಅನಂತರಾಜರು ಆಶ್ಚರ್ಯಪಟ್ಟು ಹೋದರು. ಟರ್ಪಾಲಿನ ಈಚೆ ನೀಲಾವತಿಯ ಮಿಷನ್ನು ನಿಂತಿತ್ತು. ಗಂಡ ಅವಳಿಗೆ ಒಂದು ದಿನವೂ ‘ನಾನು ಹೇಳಿದ್ದೆ’ ಎನ್ನಲಿಲ್ಲ. ಅವನು ಹೇಳುವುದನ್ನೇ ಅವಳು ಕಾದದ್ದುಂಟು.

ರಂಜಿತನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವನು ಅಕ್ಕನಿಗೇ ಸಮಾಧಾನ ಹೇಳುತ್ತಿದ್ದ. “ನೀನು ಹಟ ಮಾಡಿ ಕಂಬಿ ಹಾಕಿಸಿದ್ದಕ್ಕೆ ಇಷ್ಟಾದರೂ ಉಳಿದೆ” ಎನ್ನುತ್ತಿದ್ದ. ಆಗ ಅವಳಿಗೆ ಅಡಿಗೆಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಕಾರಿನ ಉಳಿದ ಭಾಗವನ್ನು ಮನೆಯ ಬದಿಯಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದರು. ಮುಂದಿನ ಮಳೆಗಾಲದ ಮೊದಲ ಗಾಳಿಗೆ ಆ ಹೊದಿಕೆ ಹಾರಿಹೋಯಿತು. ಇಲಿಗಳು ಸೀಟಿನ ರೆಕ್ಸಿನ್ ಕಡಿದು ಒಳಗಿನದ್ದನ್ನು ಹೊರಗೆಳೆದಿದ್ದವು. ಆ ದಿನ ಬೆಳಿಗ್ಗೆ ರಂಜಿತನನ್ನು ಒರಗುವ ಗಾಲಿ ಕುರ್ಚಿಯಲ್ಲಿ ಜಗಲಿಗೆ ತಂದು, ನೀಲಾವತಿ ಅವನಿಗೆ ಗಂಜಿ ಕುಡಿಸುತ್ತಿದ್ದಳು.

“ಅಕ್ಕ, ಅದು ನನ್ನ ಸೀಟಲ್ಲವಾ?”

“ಹೂಂ. ಬಾಯಿ ತೆರೆ.”

“ಅದರಲ್ಲಿ ಫೋಮೇ ಇಲ್ಲ.”

“ಇಲಿ ತಿಂದಿರಬೇಕು.”

“ಇಲಿ ಇಷ್ಟು ನೇರ ಕೊಯ್ಯುತ್ತದಾ? ನಿನ್ನ ಫೋಮಿನ ಮೇಲೆ ಮಲಗಿ ಬೆಳೆದವನು ನಾನು. ನೀನು ಯಾರ ಸೀಟಿಗೂ ಇಷ್ಟು ತೆಳ್ಳಗೆ ಹಾಕುವವಳಲ್ಲ.”

ಚಮಚ ಬಟ್ಟಲಿನಲ್ಲೇ ಉಳಿಯಿತು. ರಂಜಿತ್ ಕಾರನ್ನೇ ನೋಡುತ್ತಿದ್ದ. ಅವನಿಗೆ ಈಗ ನೋಡುವುದೊಂದೇ ಕೆಲಸ, ಹಾಗಾಗಿ ಚೆನ್ನಾಗಿ ನೋಡುತ್ತಾನೆ.

“ಟಾಪ್ ಮುಚ್ಚುವುದಿಲ್ಲ ಅಂತ ಇತ್ತು. ಮತ್ತೆ ಮುಚ್ಚಿತು. ಭಾವ ಕಂಬಿ ಕೊಯ್ದನಾ?”

“ನಾನು ಕೊಯ್ಯಿಸಿದೆ.”

“ಎಷ್ಟು?”

“ನಾಲ್ಕು ಬೆರಳು. ಅದಕ್ಕೇ ಫೋಮೂ ಅಷ್ಟೇ ತೆಗೆದೆ. ಸೀಟು ಒದ್ದೆಯಾಗ್ತದೆ ಅಂತ...”

ರಂಜಿತ್ ಕಾರಿನಿಂದ ಕಣ್ಣು ತೆಗೆಯಲಿಲ್ಲ. ರಸ್ತೆಯಲ್ಲಿ ಬೆಳ್ತಂಗಡಿಯ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಬೈದಿದ್ದರೆ ಅವಳು ಅದನ್ನು ಹೇಗೋ ಹೊತ್ತುಕೊಳ್ಳುತ್ತಿದ್ದಳು. ಅವನು ಕೇಳಿದ್ದು ಬೇರೆ.

“ದಿಂಬಿನ ಫೋಮು ಅದೇಯಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಪ್ರಾಪ್ತಿಗೆ ಗೊತ್ತುಂಟಾ?”

“ಇಲ್ಲ.”

“ಗೊತ್ತಾಗಬಾರದು. ಭಾವನಿಗೂ ಹೇಳು. ಅವಳಾದರೂ ಬೇರೆ ಮನೆಗೆ ಹೋಗಿ ಬದುಕಲಿ. ಇದನ್ನು ಕಟ್ಟಿಕೊಂಡು ಹೋಗುವುದು ಬೇಡ.” ಮತ್ತೆ, “ಗಂಜಿ ಆರಿತು ಅಕ್ಕ, ಕೊಡು” ಎಂದ.

ಮದುವೆ ಮುರಿದು ಎಷ್ಟೋ ದಿನವಾಗಿದೆ. ಪ್ರಾಪ್ತಿಯ ಮನೆಯವರು ಬೇರೆ ಕಡೆ ನೋಡುತ್ತಿದ್ದಾರೆ. ಆದರೂ ಅವಳು ಆದಿತ್ಯವಾರ ಬರುವುದನ್ನು ಬಿಟ್ಟಿಲ್ಲ. ಆ ವಾರವೂ ಬಂದಳು. ಹಳದಿ ದಿಂಬಿನ ಕವಚವನ್ನು ಹೋದ ಸಲ ಒಗೆಯಲು ಒಯ್ದಿದ್ದಳು. ಇಸ್ತ್ರಿ ಮಾಡಿ ತಂದದ್ದನ್ನು ತೊಡಿಸಿ, ಎರಡು ಸಲ ತಟ್ಟಿ, ರಂಜಿತನ ಅಲುಗದ ಮೊಣಕೈಯ ಅಡಿಗೆ ಇಟ್ಟಳು.

“ಒಳ್ಳೆಯ ಫೋಮು ಅಕ್ಕ” ಎಂದಳು. “ಇಷ್ಟು ದಿನ ಆಯಿತು, ಇನ್ನೂ ಚೂರೂ ಕುಸಿದಿಲ್ಲ.”

ನೀಲಾವತಿ ತಮ್ಮನ ಮುಖ ನೋಡಿದಳು. ಅವನು ಮಾಡಿನ ತಗಡು ನೋಡುತ್ತಿದ್ದ.

“ಹೌದು” ಎಂದಳು. “ಅದು ಕುಸಿಯುವುದಿಲ್ಲ.”