ಅಂಜುತ್ತಲೇ ಅಖಾಡಕ್ಕಿಳಿದ ಅಕ್ಕ

ಮೊನ್ನೆ ಬೆಳಿಗ್ಗೆ ಯುಟ್ರೆಕ್ಟ್‌ಗೆ ಹೋಗುವ ರೈಲಿನಲ್ಲಿ ಪಕ್ಕದ ಸೀಟಿನ ಹುಡುಗಿ ತನ್ನ ಜಿಮ್ ಬ್ಯಾಗಿನ ಜಿಪ್ ತೆಗೆದಳು. ನೋವಿನೆಣ್ಣೆಯ ಘಾಟು, ಬೆವರು ಕುಡಿದ ಚರ್ಮದ ಗ್ಲೌಸಿನ ವಾಸನೆ... ನನಗೆ ಅಕ್ಕ ನೆನಪಾದಳು.

ಒಡಹುಟ್ಟಿದವಳಲ್ಲ. ವರ್ಷಗಳ ಹಿಂದೆ ನಾನು ಓದಲೆಂದು ಮೈಸೂರಿನಿಂದ ಈ ದೇಶಕ್ಕೆ ಬಂದಾಗ ನನ್ನ ಮನೆಯ ಮೇಲಿನ ಮಹಡಿಯಲ್ಲಿದ್ದ ಸಂಶೋಧಕಿ, ಬಾಗಲಕೋಟೆ ಕಡೆಯವಳು. ಆ ಚಳಿಗಾಲದಲ್ಲಿ ಕಾರೊಂದು ನನ್ನ ಸೈಕಲ್ಲಿಗೆ ಗುದ್ದಿತ್ತು. ಮುರಿದ ಮೂಳೆ ಕೂಡಿಕೊಂಡ ಮೇಲೂ ರಸ್ತೆ ದಾಟಬೇಕೆಂದರೆ ಕಾಲು ಕಲ್ಲಾಗುತ್ತಿತ್ತು. ಅದನ್ನು ನೋಡಿದ ಅಕ್ಕ ಹೆಚ್ಚೇನೂ ಕೇಳದೆ, ತಾನು ಕಲಿಯುತ್ತಿದ್ದ ಕಿಕ್‌ಬಾಕ್ಸಿಂಗ್ ಶಾಲೆಗೆ ನನ್ನನ್ನು ಎಳೆದುಕೊಂಡು ಹೋದಳು.

ಅವಳ ಮುಷ್ಟಿ ಮುಂದೆ ಬಂದೊಡನೆ ನಾನು ಕಣ್ಣು ಮುಚ್ಚಿಬಿಡುತ್ತಿದ್ದೆ.

"ಕಣ್ಣ ಮುಚ್ಚಿದ್ರ ಪೆಟ್ಟು ನಿಲ್ಲತೈತೇನು? ಎಲ್ಲಿಂದ ಬಂತು ಅನ್ನೂದರ ನೋಡವಾ," ಎನ್ನುತ್ತಿದ್ದಳು.

ಅಷ್ಟು ಕಲಿಯಲು ತಿಂಗಳುಗಳೇ ಹಿಡಿದವು. ಬೇಸಿಗೆಯ ಬಿಸಿಲು ಬರುವ ಹೊತ್ತಿಗೆ ನಾನು ಮತ್ತೆ ಸೈಕಲ್ ಹತ್ತಿದ್ದೆ.

ಅವಳಿಗೆ ಭಯವೆಂಬುದೇ ಇಲ್ಲ ಎಂದು ನಂಬಿದ್ದೆ. ರಾಟರ್‌ಡ್ಯಾಮಿನಲ್ಲಿ ಅವಳ ಮೊದಲ ಪಂದ್ಯದ ದಿನ ನೋಡಿದರೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ವಾಂತಿ ಮಾಡಿಕೊಂಡು ಗೋಡೆಗೊರಗಿ ಕುಳಿತಿದ್ದಳು.

"ಬೇಡ ಅಕ್ಕ, ಕ್ಯಾನ್ಸಲ್ ಮಾಡ್ಬಿಡು," ಎಂದೆ.

"ಅಂಜಿಕಿ ಬಂದೈತಿ, ಬರ್ಲಿ ಬಿಡು. ಅದರ ಜೋಡೀನ ಗುದ್ದಾಡಕೋತ ಕುಂತ್ರ, ಎದುರಿಗಿದ್ದಾಕಿ ಜೋಡಿ ಯಾರ ಗುದ್ದಾಡಬೇಕು?"

ಸೋತಳು. ತುಟಿ ಒಡೆದಿತ್ತು. ಆದರೆ ಕೊನೆಯ ಗಂಟೆ ಬಾರಿಸುವವರೆಗೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ರೈಲಿನಲ್ಲಿ ವಾಪಸ್ ಬರುವಾಗ ಒಡೆದ ತುಟಿಯಲ್ಲೇ ನಗುತ್ತಿದ್ದಳು...

ಮರುವರ್ಷ, ಅಕ್ಕ ಬರೀ ಹೊಟ್ಟೆನೋವು ಎಂದುಕೊಂಡಿದ್ದದ್ದು ಕ್ಯಾನ್ಸರ್ ಎಂದು ತಿಳಿಯಿತು. ಊರಿನಲ್ಲಿದ್ದ ಅವಳ ತಮ್ಮನಿಗೆ ವೀಸಾ ಇನ್ನೂ ಸಿಕ್ಕಿರಲಿಲ್ಲ. ಆಪರೇಷನ್ನಿನ ದಿನ ಅವಳ ಬಳಿ ಇದ್ದವಳು ನಾನೊಬ್ಬಳೇ. ಅವಳ ಮುಖದಲ್ಲಿ ಅದೇ ಅಂಜಿಕೆ. 'ಅಂಜಿಕಿ ಬರ್ಲಿ ಬಿಡು' ಎಂಬ ಅವಳ ಮಾತನ್ನೇ ಅವಳಿಗೆ ನೆನಪಿಸಿದೆ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಅಲ್ಲಿ ಒಬ್ಬಾಕಿ ಎದುರಿಗೆ ನಿಂತಿರ್ತಿದ್ಲು, ಕಾಣತಿದ್ಲು. ಇಲ್ಲಿ ಯಾರೂ ಕಾಣವಲ್ರು."

ನರ್ಸ್ ಬರುವವರೆಗೂ ಅವಳ ಕೈ ಹಿಡಿದುಕೊಂಡಿದ್ದೆ. ಆಪರೇಷನ್ ಆಯಿತು, ಆದರೆ ಅಕ್ಕ ಹಾಸಿಗೆ ಬಿಟ್ಟು ಏಳಲಿಲ್ಲ. ತಮ್ಮ ಬಂದು ಚಿತಾಭಸ್ಮ ತೆಗೆದುಕೊಂಡು ಹೋದ.

ಮೊನ್ನೆ ನಾನು ಹೊರಟಿದ್ದದ್ದು ಒಂದು ಸಂದರ್ಶನಕ್ಕೆ. ಈ ಕೆಲಸ ಸಿಗದಿದ್ದರೆ ಪರ್ಮಿಟ್ ಮುಗಿದು ಈ ದೇಶ ಬಿಡಬೇಕು. ಆಫೀಸಿನ ಮೆಟ್ಟಿಲ ಬಳಿ ನಿಂತಾಗ ಮೈಸೂರಿನಿಂದ ಅಮ್ಮ ಫೋನ್ ಮಾಡಿದರು. "ಏನೂ ಭಯ ಇಲ್ಲಮ್ಮ," ಎಂದೆ.

ಯಾರಿಗೆ ನಿಜ ಹೇಳಬಹುದಿತ್ತೋ, ಅವಳು ಇಲ್ಲ.