ಕೆರೆಯ ತಳದ ಹದಿನಾರು ಮರಗಳು

ಹ್ಯೂಸ್ಟನ್‌ನಿಂದ ನಾಲ್ಕು ಗಂಟೆ ದಾರಿಯ ಕಾಪೆಲ್‌ನಲ್ಲಿ ನೆಲೆಸಿದ ವೆಂಕಟಗಿರಿಗೆ ಅರವತ್ತೊಂದು ವರ್ಷ. ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನ ಆಫೀಸೊಂದರಲ್ಲಿ ಇಪ್ಪತ್ತಾರು ವರ್ಷ, ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಅವನ ಕೆಲಸವಾಗಿತ್ತು. ಆ ಕೆಲಸ ಮುಗಿದ ಮೇಲೆ ಹೆಂಡತಿ ಅನುಸೂಯಳ ಸಾರಿನಲ್ಲಿ ತಪ್ಪು ಹುಡುಕತೊಡಗಿದ. ಅವಳು ನಾಲ್ಕು ತಿಂಗಳು ತಡೆದಳು. ಐದನೆಯ ತಿಂಗಳು, "ಎಲ್ಲಾದ್ರೂ ಹೊರಗೆ ಹೋಗ್ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು. ಹಾಗೆ ಹೊರಟವನಿಗೆ ಲಿಟಲ್ ಎಲ್ಮ್ ಊರಿನ ಕೆರೆಯ ದಂಡೆಯಲ್ಲಿ ಬಾಳಪ್ಪನವರು ಸಿಕ್ಕಿದರು.

ಬಾಳಪ್ಪನವರದು ಬಾಗಲಕೋಟೆ ಕಡೆ. ರಸ್ತೆಗಳ ನಕ್ಷೆ ಬರೆದು ನಿವೃತ್ತರಾದ ಎಂಜಿನಿಯರು. ಎಪ್ಪತ್ತನಾಲ್ಕು ವಯಸ್ಸು, ಒಂದು ಪುಟ್ಟ ಅಲ್ಯೂಮಿನಿಯಂ ದೋಣಿ, ಕೈಯಲ್ಲಿ ಗಾಳ. ಕ್ರಾಪಿ ಎಂಬ ಮೀನನ್ನು ಹಿಡಿಯುವುದನ್ನು ಅವರೇ ಇವನಿಗೆ ಕಲಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡದು, ಬೆಳ್ಳಿ ಮೈಗೆ ಕರಿ ಚುಕ್ಕೆ. ಮಾರ್ಚಿನಲ್ಲಿ ನೀರು ಬೆಚ್ಚಗಾದರೆ ಮೊಟ್ಟೆಯಿಡಲು ದಂಡೆಯ ಹತ್ತಿರ ಬರುತ್ತದೆ. ಬಾಯಿ ಕಾಗದದಷ್ಟು ತೆಳು, ಜೋರಾಗಿ ಎಳೆದರೆ ಹರಿದೇ ಹೋಗುತ್ತದೆ.

"ಜಗ್ಗಬ್ಯಾಡೋ ತಮ್ಮಾ. ಅದನ್ನ ಕರೀಬೇಕು," ಎನ್ನುತ್ತಿದ್ದರು ಬಾಳಪ್ಪನವರು.

ಈ ಮೀನಿಗೆ ನೀರಿನೊಳಗೆ ಮರದ ಆಸರೆ ಬೇಕು. ಜನವರಿಯಲ್ಲಿ ಜನ ಹಬ್ಬ ಮುಗಿಸಿ ಕ್ರಿಸ್‌ಮಸ್ ಮರಗಳನ್ನು ಬೀದಿಗೆ ಎಸೆಯುತ್ತಾರಲ್ಲ, ಬಾಳಪ್ಪನವರೂ ಅವರ ಹೆಂಡತಿ ಗೋದಾವರಿಯವರೂ ಅವನ್ನು ಹೊತ್ತು ತಂದು, ಕೆರೆಯ ಆಫೀಸಿನವರನ್ನು ಕೇಳಿಕೊಂಡು, ಸಿಮೆಂಟ್ ಇಟ್ಟಿಗೆ ಕಟ್ಟಿ ಮುಳುಗಿಸುತ್ತಿದ್ದರು. ವರ್ಷಕ್ಕೆ ಎರಡರಂತೆ ಎಂಟು ವರ್ಷಕ್ಕೆ ಹದಿನಾರು ಮರ. ನೀಲಿ ಹಗ್ಗದ ಗಂಟುಗಳೆಲ್ಲ ಗೋದಾವರಿಯವರವು. "ಎಮ್ಮಿ ಕಟ್ಟೋ ಗಂಟು. ಎಮ್ಮಿ ಜಗ್ಗಿದ್ರೂ ಬಿಚ್ಚಂಗಿಲ್ಲ," ಎನ್ನುತ್ತಿದ್ದರಂತೆ. ಹೋದ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮರಗಳಿದ್ದ ಜಾಗ ಗೊತ್ತಿದ್ದದ್ದು ಬಾಳಪ್ಪನವರಿಗೆ ಮತ್ತು ವೆಂಕಟಗಿರಿಗೆ ಮಾತ್ರ. ಕ್ರಾಪಿ ಹಿಡಿಯುವವರು ಇಂಥ ಜಾಗವನ್ನು ಒಡಹುಟ್ಟಿದವರಿಗೂ ಹೇಳುವುದಿಲ್ಲ.

ಫೆಬ್ರವರಿಯಲ್ಲಿ ಬಾಳಪ್ಪನವರ ಮಂಡಿಗೆ ಆಪರೇಷನ್ ಆಯಿತು. ನೋಡಲು ಹೋದ ವೆಂಕಟಗಿರಿಯ ಕೈ ಹಿಡಿದು, "ನಾ ಬರೂದು ಏಪ್ರಿಲ್‌ಗೇ. ನೀ ಹೋಗ್ತಿರು. ನಾಕು ಮೀನ ತಗೋ, ಉಳಿದದ್ದು ಇರ್ಲಿ. ಯಾರಿಗೂ ಹೇಳಬ್ಯಾಡ. ಆಕೀ ಜಾಗ ಅದು," ಎಂದರು.

"ನಾನು ಹೇಳ್ತೀನಾ ಬಾಳಪ್ಪಣ್ಣ?" ಎಂದ ವೆಂಕಟಗಿರಿ.

ಹೇಳಿದ್ದು ಯುಗಾದಿಯ ದಿನ. ಪರಿಚಯದ ಕನ್ನಡಿಗರು ಸತೀಶ-ನೀರಜಾ ದಂಪತಿಯ ಮನೆಯಲ್ಲಿ ಊಟ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಮೈಸೂರು-ಮಂಡ್ಯದ ಕಡೆಯ ಮನೆಗಳಲ್ಲಿ ಬಾಡೂಟದ ದಿನ. ಇಲ್ಲಿ ರಜೆ ಎಲ್ಲಿಯದು, ಅದನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದರು.

"ಮೀನು ಫ್ರೋಜನ್ನೇ ತರೋಣ ಬಿಡಿ," ಎಂದ ಸತೀಶ.

"ಫ್ರೋಜನ್ ಯಾಕಯ್ಯಾ? ನಾನಿಲ್ವಾ?" ಎಂದ ವೆಂಕಟಗಿರಿ.

ನೀರಜಾ ಹೋಳಿಗೆ ಬಡಿಸುತ್ತಾ, "ಅಂಕಲ್, ನಿಮ್ಮ ಮೀನನ್ನ ಫೋಟೋದಲ್ಲಿ ನೋಡಿದ್ದೀವೇ ಹೊರತು ಪಾತ್ರೇಲಿ ಯಾರೂ ನೋಡಿಲ್ಲ!" ಎಂದಳು.

ಎಲ್ಲರೂ ನಕ್ಕರು. ಅನುಸೂಯಾ ಕೂಡ. ಅದು ಚುಚ್ಚಿತು.

"ಶನಿವಾರ ಬನ್ರಯ್ಯಾ, ತೋರಿಸ್ತೀನಿ!" ಎಂದವನೇ ಫೋನು ತೆಗೆದ. ಹೊಸತೊಡಕಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನಲವತ್ತು ಜನ. ಕೆರೆಯ ನಕ್ಷೆಯಲ್ಲಿ ಆ ಜಾಗದ ಮೇಲೇ ಗುರುತಿಟ್ಟು, ತುಪ್ಪ ಹತ್ತಿದ ಹೆಬ್ಬೆರಳಿನಿಂದ ಒತ್ತಿ ಕಳಿಸಿದ. ಎಂಟು ಚಳಿಗಾಲ ಮುಚ್ಚಿಟ್ಟ ಜಾಗ. ಹೋಳಿಗೆ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಶನಿವಾರ ಎರಡು ದೋಣಿಯಲ್ಲಿ ಆರು ಜನ ಹೋದರು. ಗಾಳ ಬಿಟ್ಟದ್ದೇ ತಡ, ದಾರಕ್ಕೆ ಕಟ್ಟಿದ ಬೆಂಡು ಮುಳುಗುತ್ತಿತ್ತು. ಒಬ್ಬರಿಗೆ ದಿನಕ್ಕೆ ಇಪ್ಪತ್ತೈದು ಮೀನು ಎಂದು ಕಾನೂನು. ಆರು ಜನ ಸೇರಿ ನೂರಮೂವತ್ತು ಹಿಡಿದರು. ಕಾನೂನು ಪ್ರಕಾರ ಒಂದೂ ತಪ್ಪಿರಲಿಲ್ಲ. ಹೊರಡುವಾಗ ಸತೀಶನೂ ವೆಂಕಟಗಿರಿಯೂ ಇದ್ದ ದೋಣಿಯ ಲಂಗರು ತಳದಲ್ಲಿ ಸಿಕ್ಕಿಕೊಂಡಿತು. ಇಬ್ಬರು ಸೇರಿ ಜಗ್ಗಿದರು. ನೀರಿನೊಳಗೆ ಏನೋ ಮುರಿದದ್ದು ದೋಣಿಯ ಮೈಗೆ ತಿಳಿಯಿತು. ಉಳಿದವರು ನಗುತ್ತಿದ್ದರು. ವೆಂಕಟಗಿರಿಗೆ ಮಾತ್ರ ಅದು ಏನೆಂದು ಗೊತ್ತಿತ್ತು.

ವೆಂಕಟಗಿರಿ ಸತೀಶನ ಹಿತ್ತಲಲ್ಲಿ ಮೀನು ಕೊಯ್ಯಲು ಕುಳಿತ. ಹೊಟ್ಟೆ ಸೀಳಿದರೆ ಮೊಟ್ಟೆ. ಇನ್ನೊಂದು, ಅದರಲ್ಲೂ ಮೊಟ್ಟೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಅವನ ಕೈ ನಿಧಾನವಾಯಿತು. ಅನುಸೂಯಾ ಮಾವಿನಕಾಯಿ ಹಾಕಿ ಮಾಡಿದ ಸಾರನ್ನು ಎಲ್ಲರೂ ಮುದ್ದೆಯ ಜೊತೆ ಸುರಿದುಕೊಂಡು ಉಂಡರು. "ಅಂಕಲ್‌ಗೆ ಜೈ!" ಎಂದಳು ನೀರಜಾ. ವೆಂಕಟಗಿರಿ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮಜ್ಜಿಗೆ ಕುಡಿದ.

ಆ ಗುರುತನ್ನು ಅಷ್ಟರಲ್ಲಿ ಯಾರೋ ಯಾರಿಗೋ ಕಳಿಸಿಯಾಗಿತ್ತು. ಮುಂದಿನ ವಾರ ಆಸ್ಟಿನ್‌ನಿಂದ ಎರಡು ಗಾಡಿ ಬಂದವು. ಅದರ ಮುಂದಿನ ವಾರ ಹ್ಯೂಸ್ಟನ್‌ನವರು, ದೋಣಿ ಬಾಡಿಗೆಗೆ ಹಿಡಿದು.

"ನೀವು ಮೊದಲೇ ಕೇಳಿದ್ರೆ ಬಾಳಪ್ಪನವರು ಬೇಡ ಅಂತಿದ್ರಾ?" ಎಂದಳು ಅನುಸೂಯಾ.

"ಅಂತಿದ್ರು."

"ಅದಕ್ಕೇ ಕೇಳಲಿಲ್ಲ ನೀವು," ಎಂದು ಅವಳು ತರಕಾರಿ ಹೆಚ್ಚುವುದನ್ನು ಮುಂದುವರಿಸಿದಳು.

ಏಪ್ರಿಲ್‌ನಲ್ಲಿ ಬಾಳಪ್ಪನವರು ಕೋಲೂರಿಕೊಂಡು ಬಂದರು. ವೆಂಕಟಗಿರಿ ಅವರನ್ನು ತೋಳು ಹಿಡಿದು ದೋಣಿಗೆ ಹತ್ತಿಸಿದ. ಎರಡು ಗಂಟೆ ಕುಳಿತರು. ಬೆಂಡು ಅಲುಗಲಿಲ್ಲ. ಬಾಳಪ್ಪನವರು ದಾರ ಉದ್ದ ಮಾಡಿದರು, ಗಿಡ್ಡ ಮಾಡಿದರು, ಗಾಳಕ್ಕೆ ಚುಚ್ಚಿದ್ದ ಮೀನಮರಿಯನ್ನು ಬದಲಿಸಿದರು.

"ಕೈ ಹ್ವಾತು ತಮ್ಮಾ," ಎಂದರು ಕೊನೆಗೆ. "ಎರಡು ತಿಂಗಳ ಹಾಸಿಗೀ ಹಿಡದದ್ದಕ್ಕ ಕೈಯಾಗಿನ ಕಸಬು ಹೋಗೇ ಬಿಟ್ಟೈತಿ. ದೋಣಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಸುಮ್ಮನಿದ್ದರೆ ಆಗುತ್ತಿತ್ತು. ಅವರು ದೋಣಿ ಕೊಟ್ಟುಬಿಡುತ್ತಿದ್ದರು, ಕೆರೆಗೆ ಬರುವುದು ನಿಲ್ಲುತ್ತಿತ್ತು, ವೆಂಕಟಗಿರಿ ಮಾಡಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆಗಲೇ ಬಾಳಪ್ಪನವರ ಗಾಳಕ್ಕೆ ಏನೋ ಸಿಕ್ಕಿತು. ಮೆಲ್ಲಗೆ ಸುತ್ತಿ ಮೇಲೆತ್ತಿದರು. ಮುರಿದ ಕೊಂಬೆ, ಅದಕ್ಕೆ ಬಿಗಿದ ನೀಲಿ ಹಗ್ಗ.

"ನೋಡು," ಎಂದರು ಬಾಳಪ್ಪನವರು, ಹಗ್ಗದ ಪಾಚಿ ಒರೆಸುತ್ತಾ. "ಟೊಂಗಿ ಮುರದೈತಿ, ಆಕೀ ಗಂಟು ಬಿಚ್ಚಿಲ್ಲ."

ವೆಂಕಟಗಿರಿ ಎಲ್ಲವನ್ನೂ ಹೇಳಿದ. ಹೋಳಿಗೆ, ಫೋನು, ಲಂಗರು, ಆಸ್ಟಿನ್, ಹ್ಯೂಸ್ಟನ್. ತಲೆ ಎತ್ತಲಿಲ್ಲ.

"ಎಷ್ಟು ಹಿಡದ್ರಿ?"

"ಮೊದಲ ದಿನ ನೂರಮೂವತ್ತು."

"ತತ್ತಿ ಇದ್ವೇನು?"

"ಇದ್ವು."

ಬಾಳಪ್ಪನವರು ಗಂಟು ಬಿಚ್ಚದೆ ಹಗ್ಗವನ್ನು ಕೊಂಬೆಯಿಂದ ಜಾರಿಸಿ ಜೇಬಿಗೆ ಹಾಕಿಕೊಂಡು, ಕೊಂಬೆಯನ್ನು ನೀರಿಗೆ ಬಿಟ್ಟರು. "ಹಂಗಾದ್ರ ನನ್ನ ಕೈ ಹೋಗಿಲ್ಲ," ಎಂದರು. ಆಮೇಲೆ ಗಾಳ ಸುತ್ತಿಟ್ಟು, "ನಡೀರಿ ವೆಂಕಟಗಿರಿಯವರ, ಮನೀಗೆ ಹೋಗೂಣು." ಅಷ್ಟು ಮರ್ಯಾದೆಯಿಂದ ಅವರು ಅವನನ್ನು ಎಂದೂ ಕರೆದಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೇಸಿಗೆಯೆಲ್ಲ ಫೋನು ಮಾಡಿದರೆ "ಆರಾಮ ಅದೀನ್ರಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಜನವರಿ ಬಂತು. ವೆಂಕಟಗಿರಿ ಕಾಪೆಲ್‌ನ ಬೀದಿಗಳಲ್ಲಿ ಸುತ್ತಿ, ಎರಡು ಮರಗಳನ್ನು ಕಾರಿನ ಮೇಲೆ ಕಟ್ಟಿಕೊಂಡು ಲಿಟಲ್ ಎಲ್ಮ್‌ಗೆ ಹೋದ. ಬಾಳಪ್ಪನವರು ಬಾಗಿಲಲ್ಲಿ ನಿಂತು ಮರಗಳನ್ನು ನೋಡಿದರು. ಒಳಗೆ ಹೋಗಿ ನೀಲಿ ಹಗ್ಗದ ಸುರುಳಿ ತಂದರು, ಜೊತೆಗೆ ಆ ಹಳೆಯ ಗಂಟು. ಅದನ್ನು ನೋಡಿ ಕಟ್ಟಲು ಹೇಳಿದರು. ಎರಡು ಸಲ ತಪ್ಪಿತು. ಮೂರನೆಯದನ್ನು ಕೋಲಿನ ತುದಿಯಿಂದ ಜಗ್ಗಿ ನೋಡಿ, ದೋಣಿಯ ಮನೆಯ ಕೀಲಿ ಕೊಟ್ಟರು.

"ನೀವೂ ಬನ್ನಿ ಬಾಳಪ್ಪಣ್ಣ."

"ಒಲ್ಲೆ. ಹೊಸಾ ಜಾಗ ಹುಡುಕ್ರಿ. ಎಲ್ಲಿ ಹಾಕಿದ್ರಿ ಅಂತ ನನಗೂ ಹೇಳಬ್ಯಾಡ್ರಿ."

ವೆಂಕಟಗಿರಿ ತನ್ನ ಫೋನನ್ನು ಅವರ ಮನೆಯ ಮೆಟ್ಟಿಲ ಮೇಲೇ ಇಟ್ಟು ಹೋದ. ಮರಗಳು ಮುಳುಗುವಾಗ ಸದ್ದೇನೂ ಆಗಲಿಲ್ಲ, ನಾಲ್ಕು ಗುಳ್ಳೆ ಬಂದವು ಅಷ್ಟೆ. ಮೊದಲಿನಷ್ಟು ಮೀನು ಬಂದು ಸೇರಲು ಇನ್ನು ಎರಡು ಮೂರು ವರ್ಷ ಬೇಕು. ಬಾಳಪ್ಪನವರಿಗೆ ಈಗ ಎಪ್ಪತ್ತೈದು.

ತಿರುಗಿ ಬಂದಾಗ ಅವರು ಮೆಟ್ಟಿಲ ಮೇಲೆ ಅವನ ಫೋನಿನ ಪಕ್ಕದಲ್ಲೇ ಕುಳಿತಿದ್ದರು.

"ಗಂಟು?"

"ಮೂರು ಸಲ ಜಗ್ಗಿ ನೋಡಿದೆ."

"ಹೂಂ," ಎಂದರು. ಕೂಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ವೆಂಕಟಗಿರಿ ಅಂಗಳದಲ್ಲೇ ನಿಂತಿದ್ದ.